ರಂಧ್ರಮೀಮಾಂಸೆ: ಅಡುಗೆಕಟ್ಟೆಯ ಡೋನಟ್ ಯಂತ್ರವನ್ನು ಕುರಿತ ಶಾಸ್ತ್ರವಿಚಾರ

ಉಪೋದ್ಘಾತ

ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆಯನ್ನು ಕನ್ನಡಿಗರು ಇಷ್ಟು ಕಾಲ ಬರೀ ಸಮಾಧಾನದ ಮಾತಾಗಿ ಬಳಸಿಕೊಂಡು ಬಂದಿದ್ದಾರೆ. ಅದರೊಳಗಿನ ಶಾಸ್ತ್ರಾಂಶ ಯಾರ ಕಣ್ಣಿಗೂ ಬಿದ್ದಿಲ್ಲ. ದೋಸೆಯ ತೂತು ಅನೇಕ, ಅನಿಯತ, ಕರೆಯದೆ ಬಂದದ್ದು. ಡೋನಟ್ಟಿನ ತೂತು ಏಕ, ನಿಯತ, ದುಡ್ಡು ಕೊಟ್ಟು ತರಿಸಿಕೊಂಡದ್ದು. ಈ ಎರಡನೆಯ ಬಗೆಯ ತೂತನ್ನು ಮನೆಯಲ್ಲೇ ಉತ್ಪಾದಿಸುವ ಯಂತ್ರವೊಂದು ಮಿಕ್ಸಿಗೂ ನೀರಿನ ಫಿಲ್ಟರಿಗೂ ನಡುವೆ ಪ್ರತಿಷ್ಠಾಪನೆಗೊಂಡಿರುವುದರಿಂದ ಅದರ ವಿಚಾರ ಅನಿವಾರ್ಯವಾಗಿದೆ. ಈ ಶಾಸ್ತ್ರಕ್ಕೆ ವಿಷಯ, ತೂತು. ಅಧಿಕಾರಿ, ಹಸಿದವನು. ಪ್ರಯೋಜನ, ಸಂಜೆಯ ತಿಂಡಿ. ಸಂಬಂಧ, ಪ್ಲಗ್ಗಿಗೂ ಗೋಡೆಗೂ ಇರುವಂಥದ್ದು.

ಪರಂಪರಾಪ್ರಕರಣ

ಡೋನಟ್ಟಿನ ಹಳೆಯ ಉಲ್ಲೇಖಗಳಲ್ಲೊಂದು ಸಿಗುವುದು ವಾಷಿಂಗ್ಟನ್ ಇರ್ವಿಂಗ್ 1809ರಲ್ಲಿ ಪ್ರಕಟಿಸಿದ ನ್ಯೂಯಾರ್ಕಿನ ಇತಿಹಾಸದಲ್ಲಿ. ಹಂದಿಯ ಕೊಬ್ಬಿನಲ್ಲಿ ಕರಿದ ಸಿಹಿಹಿಟ್ಟಿನ ಉಂಡೆಗಳ ಮಾತು ಅಲ್ಲಿದೆ, ತೂತಿನ ಸುಳಿವಿಲ್ಲ. ಇರ್ವಿಂಗ್ ಅದನ್ನು ಡೀಡ್ರಿಕ್ ನಿಕರ್‌ಬಾಕರ್ ಎಂಬ ಕಲ್ಪಿತ ಪಂಡಿತನ ಹೆಸರಿನಲ್ಲಿ ಬರೆದ. ಅದು ಅಪ್ಪಟ ಅಣಕು ಇತಿಹಾಸ. ಅಂದಮೇಲೆ ಡೋನಟ್ ಶಾಸ್ತ್ರದಲ್ಲಿ ಅಣಕೇ ಮೂಲಪ್ರಮಾಣ. ಗಂಭೀರ ಬರಹವೆಲ್ಲ ಆಮೇಲಿನ ಪ್ರಕ್ಷೇಪ.

ತೂತಿನ ಕರ್ತೃತ್ವ ತನ್ನದೆಂದವನು ಅಮೆರಿಕದ ಮೇನ್ ರಾಜ್ಯದ ನಾವಿಕ ಹ್ಯಾನ್ಸನ್ ಗ್ರೆಗರಿ. 1847ರಲ್ಲಿ, 16ರ ಹರೆಯದಲ್ಲಿ, ಹಡಗಿನ ಮೆಣಸಿನಪುಡಿ ಡಬ್ಬಿಯ ಮುಚ್ಚಳದಿಂದ ಹಿಟ್ಟಿನ ನಡುಭಾಗವನ್ನು ಕತ್ತರಿಸಿ ತೆಗೆದನಂತೆ. ಅಂಚು ಬೇಯುವಷ್ಟರಲ್ಲಿ ನಡು ಹಸಿಯಾಗಿಯೇ ಉಳಿಯುತ್ತಿತ್ತು. ನಡುವೇ ಇಲ್ಲದಿದ್ದರೆ ಹಸಿ ಎಲ್ಲಿಂದ ಬಂತು? ಈ ಮಾತನ್ನು ಅವನು ಪತ್ರಿಕೆಗೆ ಹೇಳಿದ್ದು 1916ರಲ್ಲಿ, ಸುಮಾರು ಏಳು ದಶಕ ಕಳೆದ ಮೇಲೆ. ಕರ್ತನೇ ಸಾಕ್ಷಿ, ಸಾಕ್ಷಿಯೇ ಕರ್ತ. ಸ್ಥಳಪುರಾಣಗಳ ಮಾನದಂಡದಲ್ಲಿ ಇದು ಬಲವಾದ ಪ್ರಮಾಣವೇ. 1941ರಲ್ಲಿ ನ್ಯೂಯಾರ್ಕಿನ ಆಸ್ಟರ್ ಹೋಟೆಲಿನಲ್ಲಿ ಈ ತೂತಿನ ಬಗ್ಗೆ ವಾದಸಭೆಯೇ ಕೂಡಿತು, ಗ್ರೆಗರಿಯ ಪಕ್ಷ ಗೆದ್ದಿತು.

ಯಂತ್ರಪ್ರಕರಣ

ಅಡಾಲ್ಫ್ ಲೆವಿಟ್ 1920ರಲ್ಲಿ ನ್ಯೂಯಾರ್ಕಿನಲ್ಲಿ ನಿರ್ಮಿಸಿದ ಡೋನಟ್ ಯಂತ್ರ ಎಣ್ಣೆಯಲ್ಲಿ ಕರಿಯುವಂಥದ್ದು. ನಮ್ಮ ಕಟ್ಟೆಯ ಯಂತ್ರ ಆ ಕುಲದ್ದಲ್ಲ; ಸ್ಯಾಂಡ್‌ವಿಚ್ ಟೋಸ್ಟರಿನ ದಾಯಾದಿ. ಮೇಲೊಂದು, ಕೆಳಗೊಂದು ನಾನ್‌ಸ್ಟಿಕ್ ಫಲಕ. ಎರಡರಲ್ಲೂ ಅರ್ಧರ್ಧ ಬಳೆಯಾಕಾರದ ಏಳು ಗುಳಿಗಳು. ಪ್ರತಿ ಗುಳಿಯ ನಡುವೆ ಗಿಡ್ಡ ಗೂಟ. ಹೊಸ ಯಂತ್ರ ಮೊದಲ ಸಲ ಕಾಯುವಾಗ ತುಸು ಹೊಗೆ ಬರುವುದುಂಟು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಲು ನೈಯಾಯಿಕರು ಪಾಪ, ಬೆಟ್ಟದವರೆಗೆ ಹೋಗಬೇಕಾಗಿತ್ತು. ಈಗ ಆ ಸೌಕರ್ಯ ಕಟ್ಟೆಯ ಮೇಲೇ ಇದೆ. ಅನುಮಾನ ಸಿದ್ಧಿಸಿದರೆ ಪ್ಲಗ್ ಕೀಳಬೇಕು.

ಅಭಾವ ನಾಲ್ಕು ಬಗೆಯೆಂದು ತಾರ್ಕಿಕರ ಮತ. ಯಂತ್ರ ಕಾಯುವ ಮೊದಲು ಡೋನಟ್ ಇಲ್ಲ: ಪ್ರಾಗಭಾವ. ಮಕ್ಕಳು ಶಾಲೆಯಿಂದ ಬಂದ ಮೇಲೆ ತಟ್ಟೆಯಲ್ಲಿ ಡೋನಟ್ ಇಲ್ಲ: ಪ್ರಧ್ವಂಸಾಭಾವ. ಡೋನಟ್ ಉದ್ದಿನ ವಡೆಯಲ್ಲ, ಉದ್ದಿನ ವಡೆ ಡೋನಟ್ಟಲ್ಲ: ಅನ್ಯೋನ್ಯಾಭಾವ. ಉಳಿದದ್ದು ಅತ್ಯಂತಾಭಾವ, ಮೂರು ಕಾಲಕ್ಕೂ ಇಲ್ಲದಿರುವುದು. ಗ್ರೆಗರಿಯ ತೂತಿನ ಜಾಗದಲ್ಲಿ ಮೊದಲು ಹಿಟ್ಟಿತ್ತು, ಆಮೇಲೆ ಹೋಯಿತು; ಅದು ಧ್ವಂಸದ ತೂತು. ಗೂಟ ನಿಂತ ಜಾಗದಲ್ಲಿ ಹಿಟ್ಟು ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆ ಬರುವುದೂ ಇಲ್ಲ. ಇದು ಅತ್ಯಂತಾಭಾವದ ತೂತು. ಕತ್ತರಿಸಿ ತೆಗೆದ ನಡುವಿನ ತುಂಡನ್ನೂ ಕರಿದು ತಿನ್ನುವ ಭಾಗ್ಯ ಗ್ರೆಗರಿಯ ಸಂಪ್ರದಾಯದವರಿಗುಂಟು, ಯಂತ್ರಸಂಪ್ರದಾಯದವರಿಗಿಲ್ಲ.

ಪ್ರಯೋಗಪ್ರಕರಣ

1 ಕಪ್ ಮೈದಾ, 1 ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪನ್ನು ಜರಡಿ ಹಿಡಿಯಬೇಕು. ಇನ್ನೊಂದು ಪಾತ್ರೆಯಲ್ಲಿ 1 ಮೊಟ್ಟೆ, ಅರ್ಧ ಕಪ್ ಹಾಲು, ಮೂರನೇ ಒಂದು ಕಪ್ ಸಕ್ಕರೆ, 2 ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಮೊಟ್ಟೆ ಒಲ್ಲದ ಶಾಖೆಯವರಿಗೆ ಅದರ ಬದಲು ಕಾಲು ಕಪ್ ಗಟ್ಟಿ ಮೊಸರು, ಕಾಲು ಚಮಚ ಸೋಡಾ ವಿಹಿತ. ಎರಡನ್ನೂ ಕೂಡಿಸಿ, ಒಣಹಿಟ್ಟು ಮರೆಯಾದ ಕೂಡಲೇ ಕೈ ನಿಲ್ಲಿಸಬೇಕು. ದೋಸೆಹಿಟ್ಟಿನ ಅಭ್ಯಾಸಬಲದಿಂದ ತಿರುವುತ್ತಲೇ ಇದ್ದರೆ ಮೈದಾದ ಗ್ಲುಟೆನ್ ಬಿಗಿದುಕೊಂಡು, ತಿಂಡಿ ದವಡೆಯ ವ್ಯಾಯಾಮವಾಗುತ್ತದೆ. ಯೀಸ್ಟ್ ಹಾಕಿ ಹುದುಗು ಬರಿಸುವ ಡೋನಟ್ಟಿನ ತಾಳ್ಮೆಯೂ ಇಲ್ಲಿ ಸಲ್ಲದು. ಬೇಕಿಂಗ್ ಪೌಡರಿಗೆ ತೇವ ತಾಗಿದೊಡನೆ ಅನಿಲ ಹೊರಡಲು ತೊಡಗುತ್ತದೆ. ಕಲಸಿದ್ದನ್ನು ಬೇಗ ಬೇಯಿಸಬೇಕು.

ತೊಳೆದ ಹಾಲಿನ ಕವರಿಗೆ ಹಿಟ್ಟು ತುಂಬಿ, ಮೂಲೆ ಕತ್ತರಿಸಿ, ಮೆಹಂದಿ ಕೋನಿನ ಹಾಗೆ ಹಿಂಡುತ್ತ ಗೂಟದ ಸುತ್ತ ಬಿಡಬೇಕು. ಆಸೆಪಟ್ಟು ಅಂಚಿನ ಮೇಲೆ ತುಂಬಿದರೆ ಹಿಟ್ಟು ಉಬ್ಬಿ ಗೂಟವನ್ನು ನುಂಗಿ ರಂಧ್ರಲೋಪವಾಗುತ್ತದೆ. ಅದಕ್ಕೆ ಪ್ರಾಯಶ್ಚಿತ್ತವಿಲ್ಲ, ಕೇಕೆಂದು ಹೇಳಿ ಬಡಿಸುವುದೊಂದೇ ದಾರಿ. ಮುಚ್ಚಿ 4-5 ನಿಮಿಷ ಬೇಯಿಸಿ, ಕಡ್ಡಿ ಚುಚ್ಚಿ ನೋಡಬೇಕು. ಕಡ್ಡಿಯಿಂದಾಗುವ ಎರಡನೆಯ ತೂತು ಶಾಸ್ತ್ರದ ಲೆಕ್ಕಕ್ಕೆ ಬರುವುದಿಲ್ಲ.

ಸ್ವಾದಪ್ರಕರಣ

ಸ್ವಾದ ಎರಡು ಬಗೆ, ಅಂತರಂಗ ಮತ್ತು ಬಹಿರಂಗ. ಹಿಟ್ಟಿನೊಳಗೆ ಬೆರೆಯುವ ಏಲಕ್ಕಿ, ಚಕ್ಕೆಪುಡಿ, ಕೋಕೋ ಅಂತರಂಗ. ಕೊಡಗಿನ ಕಿತ್ತಳೆಯ ಭಕ್ತರು ರಸವನ್ನು ಬಿಟ್ಟು ಸಿಪ್ಪೆಯ ಹೊರಪದರವನ್ನಷ್ಟೇ ತುರಿದು ಹಾಕಬೇಕು; ಪರಿಮಳದ ಎಣ್ಣೆ ಇರುವುದು ಅಲ್ಲಿ, ರಸ ಹಿಟ್ಟನ್ನು ನೀರಾಗಿಸುತ್ತದೆ. ನಂಜನಗೂಡು ರಸಬಾಳೆ ಕಿವುಚಿ ಹಾಕುವವರು ಹಾಲು ಸಕ್ಕರೆ ಎರಡನ್ನೂ ತಗ್ಗಿಸಬೇಕು. ಸಿಹಿ ಮಿತಿಮೀರಿದರೆ ಒಳಗೆ ಬೇಯುವ ಮೊದಲೇ ಹೊರಗೆ ಕರಿಕಾಗುತ್ತದೆ. ಬಹಿರಂಗಕ್ಕೆ 1 ಕಪ್ ಐಸಿಂಗ್ ಶುಗರ್, 1-2 ದೊಡ್ಡ ಚಮಚ ಗಟ್ಟಿ ಡಿಕಾಕ್ಷನ್. ಬಿಸಿ ಡೋನಟ್ಟಿನಿಂದ ಈ ಲೇಪ ಜಾರಿಹೋಗುತ್ತದಾದ್ದರಿಂದ, ಆರಿದ ಮೇಲೆಯೇ ಅದ್ದತಕ್ಕದ್ದು.

ಇಲ್ಲೊಂದು ಗಣಿತಸಮಸ್ಯೆ. ಟೋಪಾಲಜಿಯವರಿಗೆ ಡೋನಟ್ಟೂ ಹಿಡಿಯುಳ್ಳ ಕಾಫಿ ಕಪ್ಪೂ ಒಂದೇ. ಎರಡಕ್ಕೂ ಇರುವುದು ಒಂದೊಂದೇ ತೂತು. ಹಾಗಾಗಿ ಕಪ್ಪಿನ ಕಾಫಿಯೊಡನೆ ಡೋನಟ್ ತಿನ್ನುವುದು ಪುನರುಕ್ತಿ ದೋಷ. ನಮ್ಮ ಸ್ಟೀಲ್ ಲೋಟಕ್ಕೆ ಹಿಡಿಯಿಲ್ಲ, ತೂತೂ ಇಲ್ಲ. ಆ ಶಾಸ್ತ್ರದಲ್ಲಿ ಅದು ಇಡ್ಲಿಗೆ ಸಮಾನ. ಕೋಡುಬಳೆ, ಉದ್ದಿನ ವಡೆಗಳು ಡೋನಟ್ಟಿಗೆ ಸಮಾನ. ದರ್ಶಿನಿಯಲ್ಲಿ ಇಡ್ಲಿ ವಡೆ ಹೇಳಿ ಲೋಟದ ಕಾಫಿ ಕುಡಿಯುವವರು ಈ ಗಣಿತವನ್ನು ನಿತ್ಯ ಪಾರಾಯಣ ಮಾಡುತ್ತಿದ್ದಾರೆ.

ಪೂರ್ವಪಕ್ಷ, ಸಿದ್ಧಾಂತ

ಪೂರ್ವಪಕ್ಷಿ ಅಜ್ಜಿ. “ಕರಿಯದೆ ಇರೋದನ್ನ ಡೋನಟ್ ಅಂತ ಯಾಕೋ ಕರೀತೀಯ? ಇದೇ ಹಿಟ್ಟನ್ನ ಪಡ್ಡಿನ ಕಾವಲಿಗೆ ಹುಯ್ದಿದ್ರೆ ಆಗ್ತಿರಲಿಲ್ವಾ?”

“ತೂತು ಬರ್ತಿರಲಿಲ್ಲ ಅಜ್ಜಿ.”

“ತೂತನ್ನ ತಿನ್ನಕ್ಕಾಗತ್ತೇನೋ?”

ಆಕ್ಷೇಪ ಪ್ರಬಲವಾದದ್ದು. ಪಡ್ಡಿನ ಕಾವಲಿಯಲ್ಲೂ ಈ ಹಿಟ್ಟು ಚೆನ್ನಾಗಿಯೇ ಬೇಯುತ್ತದೆ. ಆದ್ದರಿಂದ ಯಂತ್ರದ ಬೆಲೆಯಲ್ಲಿ ಕಾವಲಿಯ ಬೆಲೆ ಕಳೆದು ಉಳಿದದ್ದೇ ತೂತಿನ ಬೆಲೆ. ಆದರೆ ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವೆಂದು ಒಪ್ಪಿದ್ದಾರೆ. ಪದಾರ್ಥವೆಂದಮೇಲೆ ಅದಕ್ಕೆ ದರ, ಬಿಲ್ಲು, ವಾರಂಟಿ ಎಲ್ಲ ಇರತಕ್ಕದ್ದೇ. ಅಜ್ಜಿ ಈ ಸಮಾಧಾನವನ್ನು ಕೇಳಿಸಿಕೊಳ್ಳದೆ ಡಿಕಾಕ್ಷನ್ ಲೇಪದ್ದನ್ನು ಇನ್ನೊಂದು ತೆಗೆದುಕೊಂಡರು.

ಅಷ್ಟರಲ್ಲಿ ಚಿಕ್ಕಪ್ಪ ಪಂಚಾವಯವ ವಾಕ್ಯವನ್ನೇ ಹೂಡಿದರು. ಪ್ರತಿಜ್ಞೆ: ಈ ಯಂತ್ರ ಅಟ್ಟ ಸೇರುತ್ತದೆ. ಹೇತು: ಒಂದೇ ಕೆಲಸ ಮಾಡುವುದರಿಂದ. ಉದಾಹರಣೆ: ಯಾವುದು ಒಂದೇ ಕೆಲಸ ಮಾಡುತ್ತದೋ ಅದು ಅಟ್ಟ ಸೇರುತ್ತದೆ, ನಮ್ಮ ರೊಟ್ಟಿ ಮೇಕರಿನಂತೆ. ಉಪನಯ: ಇದೂ ಅಂಥದ್ದೇ. ನಿಗಮನ: ಆದ್ದರಿಂದ ಅಟ್ಟ.

“ಇಡ್ಲಿ ಪಾತ್ರೆ ಎಷ್ಟು ಕೆಲಸ ಮಾಡತ್ತೋ? ಅದೇನು ಅಟ್ಟದ ಮೇಲಿದ್ಯಾ?” ಎಂದರು ಅಜ್ಜಿ.

ಹೇತು ಸವ್ಯಭಿಚಾರವೆಂದು ಸಾಬೀತಾಯಿತು. ಸೋತವರು ಯಂತ್ರ ಒರೆಸಬೇಕೆಂಬುದು ಈ ಮನೆಯ ವಾದಪದ್ಧತಿ. ಅದನ್ನು ನೀರಿಗೆ ಅದ್ದುವಂತಿಲ್ಲ. ಪ್ಲಗ್ ತೆಗೆದು, ಆರಲು ಬಿಟ್ಟು, ಒದ್ದೆ ಬಟ್ಟೆಯಿಂದ ಒಂದೊಂದು ಗೂಟದ ಬುಡವನ್ನೂ ಬಿಡಿಬಿಡಿಯಾಗಿ ಒರೆಸಬೇಕು. ಒರೆಸಿ ಬಂದ ಚಿಕ್ಕಪ್ಪ ಯಂತ್ರ ಅಟ್ಟ ಸೇರಬೇಕೆಂಬ ಪ್ರತಿಜ್ಞೆಯನ್ನೇ ಮತ್ತೆ ಮಂಡಿಸಿದ್ದಾರೆ. ಹೇತು ಮಾತ್ರ ಈಗ ಬೇರೆ.