ಗಜಕರ್ಣ ಮನೆತನಕ್ಕೊಂದು ಬಹಿರಂಗ ಬಿನ್ನವತ್ತಳೆ

ಗಜಕರ್ಣ ಉರುಫ್ ಹುಳುಕಡ್ಡಿ ಮಹಾಶಯರ ಸನ್ನಿಧಿಗೆ,

ಕಂಕುಳು, ತೊಡೆಸಂದು, ಉಡುದಾರ ಉಜ್ಜುವ ಸೊಂಟದ ಪಟ್ಟಿ ಎನ್ನದೆ ಬಿಡಾರ ಹೂಡಿರುವ ತಮ್ಮ ಪರಿವಾರ ಕ್ಷೇಮವೆಂದು ಭಾವಿಸಲಾಗಿದೆ. ಕ್ಷೇಮವಿಲ್ಲದವರು ತುರಿಸಿಕೊಳ್ಳುವವರು ಮಾತ್ರ. ಅವರ ಮಾತು ಬಿಡಿ.

ಹುಳುಕಡ್ಡಿ ಎಂದು ಕರೆದು ಜನ ತಮಗೆ ಅವಮಾನ ಮಾಡಿದ್ದಾರೆ. ಅಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಇರುವುದು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನೇ ಅರಗಿಸಿಕೊಳ್ಳುವ ಶಿಲೀಂಧ್ರ. ಚರ್ಮದ ಸತ್ತ ಮೇಲ್ಪದರ, ಕೂದಲು, ಉಗುರು: ಇಷ್ಟೇ ಊಟ. ಒಂದು ಶಾಖೆಗೆ ಮಣ್ಣೇ ತವರು, ಇನ್ನೊಂದು ಬೆಕ್ಕು, ದನಗಳ ಮೈಮೇಲೆ, ಮತ್ತೊಂದು ಮನುಷ್ಯನ ಮೇಲೇ ಕಾಯಂ ಬಾಡಿಗೆದಾರ. ಬಾಡಿಗೆ ಕೊಟ್ಟ ದಾಖಲೆ ಎಲ್ಲೂ ಇಲ್ಲ.

ತಮ್ಮ ಅಭಿಮಾನಿಗಳೂ ಕಡಿಮೆಯವರಲ್ಲ. 1840ರ ದಶಕದಲ್ಲಿ ಬರ್ಲಿನ್ನಿನ ರಾಬರ್ಟ್ ರೆಮಾಕ್, ನೆತ್ತಿಯ ಚರ್ಮದ ಹುಣ್ಣಿನ ಶಿಲೀಂಧ್ರವನ್ನು ತನ್ನ ತೋಳಿಗೇ ಅಂಟಿಸಿಕೊಂಡು ಅದು ಹರಡುವ ರೋಗವೆಂದು ತೋರಿಸಿದ. ಪ್ಯಾರಿಸ್ಸಿನ ಸಬುರೋ 1910ರಲ್ಲಿ ತಮ್ಮ ಮೇಲೆ ದಪ್ಪ ಗ್ರಂಥವನ್ನೇ ಬರೆದ. ಪ್ರಯೋಗಾಲಯದಲ್ಲಿ ತಮಗೆ ಇಂದಿಗೂ ಬಡಿಸುವ ಊಟಕ್ಕೆ ಅವನದೇ ಹೆಸರು.

ಆದರೆ ನಿಜವಾದ ಸೇವೆ ನಡೆದಿರುವುದು ಇಲ್ಲಿಯ ಮೆಡಿಕಲ್ ಶಾಪಿನ ಕೌಂಟರಿನಲ್ಲಿ. ಗಿರಾಕಿ ಅತ್ತಿತ್ತ ನೋಡಿ, ದನಿ ಇಳಿಸಿ, "ತುರಿಕೆಗೆ ಏನಾದ್ರೂ ಕೊಡಿ" ಎನ್ನುತ್ತಾನೆ. ಸಿಗುವುದು ಮಿಸಳಭಾಜಿ ಟ್ಯೂಬು: ಟರ್ಬಿನಾಫಿನ್, ಓಫ್ಲಾಕ್ಸಾಸಿನ್, ಆರ್ನಿಡಜೋಲ್, ಜೊತೆಗೆ ಕ್ಲೊಬೆಟಸಾಲ್ ಎಂಬ ಜಬರ್ದಸ್ತ್ ಸ್ಟೀರಾಯ್ಡ್. ಸ್ಟೀರಾಯ್ಡು ಚರ್ಮದ ಕಾವಲುಗಾರರನ್ನು ಮಲಗಿಸುತ್ತದೆ. ಕೆಂಪು ಹೋಗುತ್ತದೆ, ತುರಿಕೆ ನಿಲ್ಲುತ್ತದೆ, ಗಿರಾಕಿ ಟ್ಯೂಬಿನ ಮುಚ್ಚಳ ಹಾಕುತ್ತಾನೆ. ಒಳಗೆ ತಮ್ಮ ಸಂಸಾರ ಬೆಳೆಯುತ್ತದೆ. ಆಮೇಲೆ ಉಂಗುರದಂಥ ಗುರುತೂ ಅಳಿದು, ವೈದ್ಯರಿಗೇ ಗುರುತು ಸಿಗುವುದಿಲ್ಲ. ಆ ಸ್ಥಿತಿಗೆ ಅವರಿಟ್ಟ ಹೆಸರು ಟಿನಿಯಾ ಇನ್‌ಕಾಗ್ನಿಟೊ, ಅಂದರೆ ವೇಷ ಮರೆಸಿಕೊಂಡ ಗಜಕರ್ಣ. ಪಾಂಡವರ ಅಜ್ಞಾತವಾಸಕ್ಕೆ ವಿರಾಟನ ಅರಮನೆ ಬೇಕಾಗಿತ್ತು. ತಮಗೆ ಟ್ಯೂಬು ಸಾಕು.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಿತು. ಹೆದರಬೇಡಿ, ಕೌಂಟರಿನಲ್ಲಿ ಚೀಟಿ ಕೇಳುವವರು ಅಪರೂಪ.

ಮನೆತನದ ಕಿರಿಯ ಕುಡಿಗಂತೂ ವಿಶೇಷ ಅಭಿನಂದನೆ. 2020ರಲ್ಲಿ ಜಪಾನಿನಲ್ಲಿ, ನೇಪಾಳ ಮತ್ತು ಭಾರತ ಮೂಲದ ರೋಗಿಗಳ ಚರ್ಮದಿಂದ ಗುರುತಿಸಿ ಇದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ನಾಮಕರಣವಾಯಿತು. ಟರ್ಬಿನಾಫಿನ್ ಹಿಡಿಯುವ ಕಿಣ್ವದ ಜೀನ್‌ಗೇ ತಿದ್ದುಪಡಿ ತಂದುಕೊಂಡ ಜಾಣ ಇವನು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಹೆಂಗಸರಲ್ಲಿ ಪತ್ತೆಯಾದ. ಅವರಲ್ಲೊಬ್ಬರು ಇತ್ತೀಚೆಗೆ ಹೊರದೇಶಕ್ಕೆ ಹೋದವರೇ ಅಲ್ಲ. ವೀಸಾಕ್ಕಾಗಿ ಸಾಲಿನಲ್ಲಿ ನಿಲ್ಲುವ ಹುಡುಗರು ಇದನ್ನು ಓದದಿರಲಿ.

ಕಲೆ ಮಾಯವಾದ ಮೇಲೂ ವಾರಗಟ್ಟಲೆ ಔಷಧ ಹಚ್ಚಿ, ಬಟ್ಟೆ ಬಿಸಿಲಿಗೆ ಹಾಕಿ, ಮನೆಮಂದಿಯನ್ನೆಲ್ಲ ಒಟ್ಟಿಗೆ ತೋರಿಸಿ ಎಂದು ಕೆಲವು ವೈದ್ಯರು ತಮ್ಮ ವಿರುದ್ಧ ಪಿತೂರಿ ನಡೆಸಿದ್ದಾರೆ. ಯಾರೂ ಕೇಳುತ್ತಿಲ್ಲ.

ಸನ್ಮಾನಕ್ಕೆ ಶಾಲು ಹೊದಿಸುವುದು ರೂಢಿ. ಅದರ ಬದಲು ಒಂದು ಟವೆಲ್ಲನ್ನು ಅರ್ಪಿಸಲಾಗಿದೆ. ಮನೆಯ ಐದೂ ಜನ ಬೆಳಿಗ್ಗೆ ಅದರಲ್ಲೇ ಮೈ ಒರೆಸಿಕೊಂಡಿದ್ದಾರೆ. ಮಳೆಗಾಲವಾದ್ದರಿಂದ ಇನ್ನೂ ಒಣಗಿಲ್ಲ.

ಇಂತಿ,
ಸಮಸ್ತ ತುರಿಕೆದಾರರು