ಬಾಯಿಹುಣ್ಣಿನ ದರ್ಬಾರು

ಬಾಯಿಹುಣ್ಣಾದವನು ಮಾತಾಡಲಾರ. ಸುತ್ತಲಿನವರಿಗೆ ಇದಕ್ಕಿಂತ ಸುವರ್ಣಾವಕಾಶ ಉಂಟೇ? "ಉಷ್ಣ!" ಎಂದು ಅತ್ತೆಯ ತೀರ್ಪು. "ರಾತ್ರಿಯೆಲ್ಲ ಮೊಬೈಲು" ಎಂದು ಹೆಂಡತಿಯ ಆರೋಪಪಟ್ಟಿ. ಪಕ್ಕದ ಮನೆಯವರಂತೂ ಸೀಬೆ ಚಿಗುರು ಹಿಡಿದೇ ಬಂದು, ನಾವು ಅಗಿಯುವ ತನಕ ಅಲ್ಲಾಡುವುದಿಲ್ಲ.

ಹುಣ್ಣಿನ ಗಾತ್ರವೋ ಸಾಸಿವೆಯಷ್ಟು. ಸಾರು ತಗುಲಿದಾಗ ಅದರ ದರ್ಬಾರೇ ಬೇರೆ. ಮೇಲ್ಪದರ ಕಿತ್ತುಹೋಗಿ ನರದ ತುದಿಗಳು ಬಯಲಾಗಿರುತ್ತವೆ, ಉರಿಯದೆ ಇನ್ನೇನು? ಅವಸರದಲ್ಲಿ ಕೆನ್ನೆ ಕಚ್ಚಿಕೊಂಡದ್ದು, ನಿದ್ದೆಗೇಡು, ಚಿಂತೆ, ಬಿ12, ಕಬ್ಬಿಣ, ಫೋಲೇಟುಗಳ ಕೊರತೆ, ಕೆಲವರಿಗೆ ಟೂತ್‌ಪೇಸ್ಟಿನ ನೊರೆಕಾರಕ ಸೋಡಿಯಂ ಲಾರಿಲ್ ಸಲ್ಫೇಟು ಕೂಡ ಇದನ್ನು ಕರೆಸಿಕೊಳ್ಳುತ್ತದೆ. ಇದು ಅಂಟುರೋಗವಲ್ಲ, ಆದ್ದರಿಂದ ಸಲಹೆಗಾರರನ್ನು ಆ ನೆಪದಲ್ಲಿ ದೂರವಿಡುವಂತಿಲ್ಲ.

ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಮುಕ್ಕಳಿಸುವುದು ನನ್ನ ಪಕ್ಷ. ಮೊದಲ ಗುಟುಕಿಗೆ ಪೂರ್ವಜರೆಲ್ಲ ಕಣ್ಣಮುಂದೆ ಬರುತ್ತಾರೆ, ಆಮೇಲೆ ಹಿತ. ಊಟಕ್ಕೆ ತಣ್ಣಗಿನ ಮೊಸರನ್ನ, ಒಂದೆಲಗದ ತಂಬುಳಿ, ಮೆಣಸು ಮಾತ್ರ ಹಾಕಬಾರದು. (ಮನೆಯಲ್ಲಿ ಹೊಸ ಉಪ್ಪಿನಕಾಯಿ ಭರಣಿ ತೆರೆಯುವುದೂ ಅದೇ ದಿನ, ಗಮನಿಸಿದ್ದೀರಾ?) ತುಪ್ಪ ಸವರಿದರೆ ಉರಿ ಕೊಂಚ ತಗ್ಗುತ್ತದೆ.

ಸಣ್ಣ ಹುಣ್ಣು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ. ಕೀರ್ತಿ ಮಾತ್ರ ಕೊನೆಯ ದಿನ ಮದ್ದು ಹೇಳಿದವರಿಗೆ. ಮೂರು ವಾರ ದಾಟಿಯೂ ಕದಲದಿದ್ದರೆ, ಅದರಲ್ಲೂ ತಂಬಾಕು, ಗುಟ್ಕಾದ ಗೆಳೆತನವಿದ್ದರೆ, ಸೀಬೆ ಎಲೆ ಬಿಟ್ಟು ಡಾಕ್ಟರ ಮುಂದೆ ಬಾಯಿ ತೆರೆಯಿರಿ. ಅಲ್ಲಿ "ಆ" ಅಂದರೆ ಸಾಕು, ವಾದ ಮಾಡಬೇಕಿಲ್ಲ.