ನಾಲ್ಕು ಹಂಡೆಯ ಅಗ್ಗಿಷ್ಟಿಕೆ

ಒಂದು ಪೌಂಡು ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟಿನಷ್ಟು ಬಿಸಿಮಾಡಲು ತಗಲುವ ಶಾಖಕ್ಕೆ ಬಿ.ಟಿ.ಯು. ಎಂಬ ಹೆಸರುಂಟೆಂಬುದನ್ನು ನಮ್ಮ ಮಾವನವರಿಗೆ ತಿಳಿಸಿದ ಪುಣ್ಯಾತ್ಮರು ಯಾರೋ ನಾನರಿಯೆ; ಆ ವಿಷಯವು ಅವರಿಗೆ ತಿಳಿಯದೆ ಹೋಗಿದ್ದರೆ, ಕಳೆದ ಶನಿವಾರ ಡೆಟ್ರಾಯಿಟಿನ ಹೊರವಲಯದ ಒಂದು ಹೀಟರ್ ಅಂಗಡಿಯಲ್ಲಿ ಶಾಖದ ಮಾನದೊಡನೆ ನಮ್ಮ ಕುಟುಂಬದ ಮಾನವೂ ಅಳತೆಗೊಳಗಾಗುತ್ತಿರಲಿಲ್ಲವೆಂಬುದು ಮಾತ್ರ ನಿಶ್ಚಯ.

ಕಲಹದ ಮೂಲ ನಮ್ಮ ಗ್ಯಾರೇಜು. ಅತ್ತೆ ಮಾವಂದಿರ ದೀರ್ಘ ವಾಸ್ತವ್ಯಕ್ಕೂ, ಮಗಳ ಭರತನಾಟ್ಯಾಭ್ಯಾಸಕ್ಕೂ, ಪಂಪ ಕನ್ನಡ ಕೂಟದ ಮಿತ್ರರ ಹರಟೆಗೂ ಒಂದು ವಿಶಾಲವಾದ ಕೋಣೆ ಬೇಕೆಂದು, ಹೋದ ಬೇಸಗೆಯಲ್ಲಿ ಕಾರುಗಳನ್ನು ಬೀದಿಗೆ ಅಟ್ಟಿ, ಬಾಗಿಲಿದ್ದ ಕಡೆ ಗೋಡೆಯೆಬ್ಬಿಸಿ, ಬಣ್ಣ ಬಳಿದು, ಅದಕ್ಕೆ ಫ್ಯಾಮಿಲಿ ರೂಮೆಂದು ನಾಮಕರಣ ಮಾಡಿದೆವು. ಆದರೆ ಗ್ಯಾರೇಜು ತನ್ನ ಪೂರ್ವಾಶ್ರಮವನ್ನು ಮರೆಯಲೊಲ್ಲದು. ಕರಗಿದ ಹಿಮದ ನೀರು ಹೊರಗೆ ಹರಿದುಹೋಗಲೆಂದು ಇಳಿಜಾರಾಗಿ ಹಾಸಿದ ಆ ಕಾಂಕ್ರೀಟ್ ನೆಲದ ಮೇಲೆ ಅತ್ತೆಯವರ ಕೈತಪ್ಪಿದ ರವೆಯುಂಡೆಯು ಇಂದಿಗೂ ಕಾರು ಹೊರಡುತ್ತಿದ್ದ ದಿಕ್ಕಿಗೇ ಉರುಳುತ್ತದೆ. ಕಾರಿನ ವಿಷವಾಯು ಮಲಗುವ ಕೋಣೆಗಳನ್ನು ಹೊಗದಿರಲೆಂದು ಗ್ಯಾರೇಜಿಗೆ ಫರ್ನೇಸಿನ ಬಿಸಿಗಾಳಿಯ ಕೊಳವೆಯನ್ನು ಒಯ್ಯುವುದಿಲ್ಲವಾದುದರಿಂದ, ಮಿಶಿಗನ್ನಿನ ಡಿಸೆಂಬರು ಕಾಲಿರಿಸಿದೊಡನೆಯೇ ಆ ಕೋಣೆ ತನ್ನ ನಿಜಸ್ವರೂಪವನ್ನು ತೋರಿತು. ಮಾವನವರು ಮಂಗನ ಟೋಪಿಯನ್ನೂ ಕಂಬಳಿಯನ್ನೂ ಧರಿಸಿಯೇ ಟಿ.ವಿ. ನೋಡತೊಡಗಿದರು.

ಹೀಟರು ಬೇಕೆಂಬ ವಿಷಯದಲ್ಲಿ ಸರ್ವಾನುಮತವಿತ್ತು; ಯಾವುದೆಂಬಲ್ಲಿ ಕುರುಕ್ಷೇತ್ರ. ಕೋಣೆಯ ಗಾಳಿಯನ್ನೇ ಉಸಿರಾಡಿ ಕೋಣೆಯೊಳಕ್ಕೇ ನಿಶ್ವಾಸ ಬಿಡುವ, ಹೊಗೆಗೊಳವೆಯಿಲ್ಲದ, ಅಗ್ಗದ ವೆಂಟ್‌ಫ್ರೀ ಹೀಟರೇ ಸಾಕೆಂದು ನನ್ನ ಹೆಂಡತಿ. ಕೊಳವೆಯೊಳಗೊಂದು ಕೊಳವೆಯಿದ್ದು, ಒಂದರಿಂದ ಹೊರಗಿನ ಗಾಳಿಯನ್ನು ಸೇದಿ ಇನ್ನೊಂದರಿಂದ ಹೊಗೆಯನ್ನು ಹೊರದೂಡುವ ಡೈರೆಕ್ಟ್ ವೆಂಟ್ ಬೇಕೆಂದು ನಾನು. ಮಗಳಂತೂ ಗ್ಯಾಸೆಂಬುದೇ ಭೂಮಿಗೆ ದ್ರೋಹವೆಂದು, ಮುಕ್ಕಾಲು ಗಂಟೆಯ ಬಿಸಿನೀರಿನ ಶವರನ್ನು ಮುಗಿಸಿ ಬಂದು, ಹಿಮದಲ್ಲಿಯೂ ತೊಡುವ ತನ್ನ ಗಿಡ್ಡ ಚಡ್ಡಿಯಲ್ಲಿ ನಿಂತು, ನಮಗೆಲ್ಲ ಉಪದೇಶ ಮಾಡಿದಳು.

ಮಾವನವರು ಮಾತ್ರ ಮೌನವಾಗಿ ಲೆಕ್ಕ ಹಾಕುತ್ತಿದ್ದರು. ಅವರು ತೀರ್ಥಹಳ್ಳಿಯ ಕಡೆಯವರು, ನಿವೃತ್ತ ಇಂಜಿನಿಯರು. ಅವರ ಅನುಭವದಲ್ಲಿ ಶಾಖವೆಂಬುದರ ಪರಮಾವಧಿ ಬಚ್ಚಲೊಲೆಯ ಮೇಲಿನ ತಾಮ್ರದ ಹಂಡೆ. ನಲವತ್ತು ಲೀಟರಿನ ಹಂಡೆಯಲ್ಲಿ 88 ಪೌಂಡು ನೀರು. ಅದು 50 ಡಿಗ್ರಿಯಿಂದ 110 ಡಿಗ್ರಿಗೆ ಏರಬೇಕಾದರೆ 5,280 ಬಿ.ಟಿ.ಯು. ಆದ್ದರಿಂದ ಅಂಗಡಿಯ ಹುಡುಗನು, ಕೋಣೆ ನಾನೂರು ಚದರಡಿಯಾದರೆ ಗಂಟೆಗೆ 20,000 ಬಿ.ಟಿ.ಯು. ಹೀಟರು ಸಾಕೆಂದು ವಿನಯದಿಂದ ಅರಿಕೆ ಮಾಡಿಕೊಂಡಾಗ, ಮಾವನವರು ಕಿಸೆಯಿಂದ ಚೀಟಿ ತೆಗೆದು, ಕನ್ನಡಕವೇರಿಸಿ, "ಅಂದರೆ ನಾಲ್ಕು ಹಂಡೆಗೂ ಕೊಂಚ ಕಡಿಮೆಯೇ ಆಯಿತಲ್ಲ!" ಎಂದು ಘೋಷಿಸಿದರು.

ಹಂಡೆಯೆಂದರೇನೆಂದು ಹುಡುಗ ಕೇಳಬಾರದಿತ್ತು, ಕೇಳಿದ. ಮಾವನವರು ಎರಡು ಕೈಗಳನ್ನೂ ಅಗಲಿಸಿ ಹಂಡೆಯ ಹೊಟ್ಟೆಯನ್ನೂ, ಬೆರಳುಗಳಿಂದ ಅದರ ಕಂಠವನ್ನೂ, ಬಗ್ಗಿ ಊದುವ ಅಭಿನಯದಿಂದ ಒಲೆಯನ್ನೂ ನಿರೂಪಿಸಿದರು. "ಅಪ್ಪಾ, ನಾವು ಸ್ನಾನಕ್ಕೆ ಬಂದಿಲ್ಲ" ಎಂದು ಹೆಂಡತಿ ಹಲ್ಲುಕಚ್ಚಿ ಕನ್ನಡದಲ್ಲಿ ನುಡಿದಳು. "ಸ್ನಾನವಾದರೇನು, ಕೋಣೆಯಾದರೇನು, ಶಾಖ ಶಾಖವೇ ಕಣೇ" ಎಂದರು ಅವರು. ಹುಡುಗ ಮುಗುಳ್ನಕ್ಕು ಸುಮ್ಮನಾಗದೆ, ಹಂಡೆ ತಾಮ್ರದ್ದೋ ಉಕ್ಕಿನದೋ ಎಂದು ವಿಚಾರಿಸಿದ. "ನೋಡಿದಿರಾ, ಎಂಥ ಬುದ್ಧಿವಂತ!" ಎಂದು ನನ್ನ ಕಡೆ ತಿರುಗಿದ ಮಾವನವರ ಮುಖದಲ್ಲಿ, ಅಳಿಯನೆಂದು ನನ್ನನ್ನು ಒಪ್ಪಿಕೊಂಡ ದಿನವೂ ನಾನು ಕಾಣದಿದ್ದ ತೃಪ್ತಿ ಬೆಳಗುತ್ತಿತ್ತು. ಅಷ್ಟರಲ್ಲಿ ಹಿಂದೆ ನಿಂತಿದ್ದ ದೊಡ್ಡ ಗಡ್ಡದ ಗಿರಾಕಿಯೊಬ್ಬ, ತಾನು ಕೊಳ್ಳಲಿರುವ 30,000ದ ಹೀಟರು ಎಷ್ಟು ಹಂಡೆಯದಾದೀತೆಂದು ಸಂಕೋಚದಿಂದ ಪ್ರಶ್ನಿಸಿದ. ಐದೂಮುಕ್ಕಾಲಿಗೆ ತುಸು ಕಡಿಮೆಯೆಂದು ತಿಳಿದು, ಬಹಳ ಕಾಲದ ಸಂದೇಹವೊಂದು ಪರಿಹಾರವಾದವನಂತೆ ತಲೆದೂಗಿ, ಹಣ ತೆತ್ತು ಹೊರಟುಹೋದ.

ಮಾವನವರ ದೃಷ್ಟಿ ಆರೂವರೆ ಹಂಡೆಗೂ ಮಿಗಿಲಾದ 35,000ದ ಮೇಲೆ ನೆಟ್ಟಿತು. "ಮನೆಯಲ್ಲಿ ಐದು ಜನ. ನಾಲ್ಕು ಹಂಡೆ ಹೇಗೆ ಸಾಕು? ನೆಂಟರು ಬಂದರೆ?" ಹೀಟರು ಅಗತ್ಯಕ್ಕಿಂತ ದೊಡ್ಡದಾದರೆ ಕ್ಷಣದಲ್ಲಿ ಕೋಣೆಯನ್ನು ಕಾಯಿಸಿ ಆರುವುದೂ ಮರುಕ್ಷಣ ಹೊತ್ತುವುದೂ ಆಗಿ ಯಂತ್ರ ಬೇಗ ಸವೆಯುವುದೆಂದು ಹುಡುಗ ಹೇಳಿದ ಮೇಲೆಯೇ, ಅದೂ ಹುಡುಗ ಹೇಳಿದನೆಂಬ ಕಾರಣಕ್ಕೇ, ಅವರು ಒಪ್ಪಿದರು.

ಇನ್ನು ವೆಂಟ್‌ಫ್ರೀ ಹೀಟರಿನ ಅವಸಾನ. ಕೋಣೆಯ ಆಮ್ಲಜನಕ ಶೇಕಡಾ 18ರ ಸಮೀಪಕ್ಕೆ ಇಳಿದರೆ ಆರಿಹೋಗುವ ಸಾಧನ ಅದರಲ್ಲಿರುವುದು ನಿಜ; ಆದರೂ ವಾಸದ ಮನೆಗಳಲ್ಲಿ ಅದನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದೆಯೆಂದೆ; ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲವೆಂದೆ. ನನ್ನ ವಾಗ್ವೈಖರಿಗೆ ಯಾರೂ ಕಿವಿಗೊಡಲಿಲ್ಲ. ಕಡೆಗೆ, ಗ್ಯಾಸ್ ಉರಿದಾಗ ನೀರಾವಿ ಹುಟ್ಟುವುದೆಂದೂ, ಇಷ್ಟು ದೊಡ್ಡ ಹೀಟರಾದರೆ ಗಂಟೆಗೆ ಮುಕ್ಕಾಲು ಲೀಟರಿಗೂ ಮಿಗಿಲಾದ ನೀರು ಕೋಣೆಯ ಗಾಳಿಗೆ ಸೇರುವುದೆಂದೂ ಅನ್ಯಮನಸ್ಕನಾಗಿ ನುಡಿದೆ. ಅತ್ತೆಯವರು ಥಟ್ಟನೆ ತಲೆಯೆತ್ತಿ, "ಹಾಗಾದರೆ ನನ್ನ ಸಂಡಿಗೆ ಒಣಗುವುದು ಹೇಗೆ?" ಎಂದರು. ವ್ಯವಹಾರ ಅಲ್ಲಿಗೆ ಮುಗಿಯಿತು. ಗಾಜಿನ ಹಿಂದೆ ಕೃತಕ ಸೌದೆಯುಳ್ಳ ಸುಂದರವಾದ ಮಾದರಿಯನ್ನು ಹೆಂಡತಿ ಆಸೆಯಿಂದ ನೋಡಿದಾಗಲೂ, "ಸುಡದ ಸೌದೆಗೆ ದುಡ್ಡು ಯಾಕೆ ತಾಯಿ?" ಎಂದು ಅದರ ಕಥೆಯನ್ನೂ ಅವರೇ ಮುಗಿಸಿದರು. ಹೀಗೆ ಅಲಂಕಾರರಹಿತವಾದ ಡೈರೆಕ್ಟ್ ವೆಂಟೊಂದು ನಮ್ಮ ಕೈಗೆಟುಕುವ ಬೆಲೆಗಿಳಿಯಿತು. ಅದರ ಪೈಲಟ್ ಜ್ವಾಲೆ ಸದಾ ಉರಿಯುವುದರಿಂದ ಕರೆಂಟು ಹೋದರೂ ಹೀಟರು ನಡೆಯುವುದೆಂದು ಕೇಳಿದಾಗ, ಲೋಡ್ ಶೆಡ್ಡಿಂಗಿನಲ್ಲಿ ಅರ್ಧಾಯುಷ್ಯ ಸವೆಸಿದ ಮಾವನವರು ಅದಕ್ಕೆ ಕೈಮುಗಿಯುವುದೊಂದೇ ಬಾಕಿ.

ಹಿಂದಿರುಗುವಾಗ ಕಾರಿನಲ್ಲಿ ಹೆಂಡತಿ ತಂದೆಯನ್ನು ಮನಸಾರೆ ಗದರಿಸಿದಳು. ಅವರು ಮರುನುಡಿಯಲಿಲ್ಲ. ಅತ್ತೆಯವರೇ, "ನೀನು ಏಳು ಗಂಟೆಯ ಬಸ್ಸಿಗೆ ಹೋಗುತ್ತಿದ್ದಾಗ ನಾಲ್ಕಕ್ಕೆ ಎದ್ದು ಒದ್ದೆ ಸೌದೆ ಊದುತ್ತಿದ್ದವರು ಯಾರು? ನಾನಲ್ಲ" ಎಂದರು. ಮುಂದೆ ಯಾರೂ ಮಾತಾಡಲಿಲ್ಲ. ಮಗಳು ಮಾತ್ರ, ಅಷ್ಟೆಲ್ಲ ಸೌದೆ ಸುಟ್ಟದ್ದು ಭೂಮಿಗೆ ಒಳ್ಳೆಯದಲ್ಲ ತಾತ, ಎಂದಳು.

ಮಂಗಳವಾರ ಅಂಗಡಿಯ ಹುಡುಗ ಫೋನು ಮಾಡಿ, ನಾಲ್ಕು ಹಂಡೆಯದು ಬಂದಿದೆಯೆಂದು ತಿಳಿಸಿದ.

ಗ್ಯಾರೇಜನ್ನು ಕೋಣೆಯಾಗಿಸುವ ಸಂಕಲ್ಪವುಳ್ಳ ಬಾಂಧವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮೊದಲು ಗೋಡೆಯ ಸಂದುಗಳನ್ನು ಮುಚ್ಚಿಸಿ, ಹೊಗೆ ಹೊರಹೋಗುವ ಹೀಟರನ್ನೇ ಕೊಂಡು, ಲೈಸೆನ್ಸುಳ್ಳ ಕೆಲಸಗಾರನಿಂದಲೇ ಗ್ಯಾಸಿನ ಕೊಳವೆ ಹಾಕಿಸಿ, ಮಾನಾಕ್ಸೈಡಿನ ಅಲಾರಮನ್ನು ಮರೆಯದಿರಿ, ಮಾವನವರನ್ನು ಅಂಗಡಿಗೆ ಅವಶ್ಯವಾಗಿ ಕರೆದೊಯ್ಯಿರಿ, ಆದರೆ ಚೀಟಿಯನ್ನು ಮನೆಯಲ್ಲಿಯೇ ಬಿಟ್ಟುಬರಹೇಳಿ.